ತರಬೇತಿಗೆ ಹೊರಟಿರಾ? ಒಂದು ನಿಮಿಷ ನಿಲ್ಲಿ

ಮೂರು ದಿನದ ಭೌತಶಾಸ್ತ್ರ ಕಾರ್ಯಾಗಾರ ಅಂತ ಪತ್ರ ಬಂದಿದೆ, ಪಟ್ಟಿಯಲ್ಲಿ ನಿಮ್ಮ ಹೆಸರೂ ಇದೆ. ಸ್ಟಾಫ್‌ರೂಮಿನಲ್ಲಿ ಅದನ್ನು ಓದಿದ ಕೂಡಲೇ ನಿಮ್ಮ ಮುಖ ಸಣ್ಣಗಾಯಿತು. ಪೋರ್ಷನ್ ಉಳಿದಿದೆ, ಕಿರುಪರೀಕ್ಷೆಯ ಪೇಪರು ತಿದ್ದಿಲ್ಲ, ಮನೆಯಲ್ಲಿ ಮಗುವಿಗೆ ನೆಗಡಿ. ಗೊತ್ತು ನನಗೆ. ಮೂವತ್ತು ವರ್ಷ ಪಿಯುಸಿ ಮಕ್ಕಳಿಗೆ ಪಾಠ ಮಾಡಿದವಳು ನಾನು. ಇಂಥ ಪತ್ರ ಬಂದಾಗಲೆಲ್ಲ ಗೊಣಗಿಕೊಂಡೇ ಬಸ್ಸು ಹತ್ತಿದ್ದೇನೆ. ಕಲಿಯುವವರ ಬೆಂಚಿನಲ್ಲೂ ಕೂತಿದ್ದೇನೆ, ಕಲಿಸುವವರ ಮೇಜಿನ ಹಿಂದೆಯೂ ನಿಂತಿದ್ದೇನೆ. ಅದಕ್ಕೇ, ಚೀಲ ಕಟ್ಟುವ ಮೊದಲು ನಾಲ್ಕು ಮಾತು ಕೇಳಿಸಿಕೊಂಡು ಹೋಗಿ.

ಈ ಗೊಣಗಾಟವನ್ನು ಮೊದಲು ಬಿಡಿ. ಪ್ರತಿಯೊಬ್ಬ ಶಿಕ್ಷಕರೂ ವರ್ಷಕ್ಕೆ ಕನಿಷ್ಠ 50 ಗಂಟೆ ವೃತ್ತಿ ಕಲಿಕೆಯಲ್ಲಿ ತೊಡಗಬೇಕು ಅಂತ 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ ಬರೆದಿದ್ದಾರೆ. ದಿನಕ್ಕೆ ಆರು ಗಂಟೆ ಲೆಕ್ಕ ಹಾಕಿದರೆ ಎಂಟು ದಿನ ದಾಟುತ್ತದೆ. ಹೇಗೂ ಹೋಗಬೇಕಾದ ದಿನಗಳು ಇವು. ಸಹಿ ಹಾಕಿ, ಊಟ ಮಾಡಿ, ಸರ್ಟಿಫಿಕೇಟ್ ಹಿಡಿದು ಬಂದರೆ ಆ ದಿನ ನಿಮ್ಮ ಮಕ್ಕಳಿಂದ ಕಿತ್ತುಕೊಂಡು ಬಂದದ್ದು ಅಂತ ಲೆಕ್ಕ. ಒಂದೇ ಒಂದು ಪಾಠವನ್ನು ಮೊದಲಿಗಿಂತ ಚೆನ್ನಾಗಿ ಮಾಡುವ ದಾರಿ ಹಿಡಿದು ಬಂದರೆ, ಆ ದಿನವನ್ನು ಮಕ್ಕಳಿಗೇ ತಿರುಗಿ ಕೊಟ್ಟಂತೆ.

ಹೋಗುವಾಗ ಬರಿಗೈಲಿ ಹೋಗಬೇಡಿ. ನೆಂಟರ ಮನೆಗೆ ಹೋಗುವಾಗ ನಾಲ್ಕು ಬಾಳೆಹಣ್ಣಾದರೂ ಹಿಡಿದು ಹೋಗುತ್ತೀರಲ್ಲ, ಹಾಗೆ ಇಲ್ಲಿಗೂ ಏನಾದರೂ ಹಿಡಿದು ಹೋಗಿ. ಏನು ಅಂದರೆ, ನಿಮ್ಮ ಮಕ್ಕಳ ತಪ್ಪು ಉತ್ತರಗಳು. ಹೊರಡುವ ಹಿಂದಿನ ರಾತ್ರಿ ಕೊನೆಯ ಪರೀಕ್ಷೆಯ ಪೇಪರುಗಳನ್ನು ಎದುರಿಗಿಟ್ಟುಕೊಳ್ಳಿ. ಅರ್ಧ ತರಗತಿ ಎಡವಿದ ಪ್ರಶ್ನೆ ಯಾವುದು ಅಂತ ಹುಡುಕಿ, ಅದಕ್ಕೆ ಬಂದ ಮೂರು ತಪ್ಪು ಉತ್ತರಗಳನ್ನು ಮಕ್ಕಳ ಮಾತಿನಲ್ಲೇ ಒಂದು ಹಾಳೆಗೆ ಇಳಿಸಿಕೊಳ್ಳಿ. 'ಮೇಲಕ್ಕೆ ಎಸೆದ ಚೆಂಡು ತುದಿ ಮುಟ್ಟಿದಾಗ ಅದರ ಮೇಲೆ ಬಲವೇ ಇರುವುದಿಲ್ಲ' ಅಂತ ಬರೆದವರು ಎಷ್ಟು ಮಂದಿ? 'ಭಾರದ ಕಲ್ಲು ಬೇಗ ಬೀಳುತ್ತದೆ' ಅಂದವರು ಎಷ್ಟು? ಬಂಡವಾಳವಿಲ್ಲದ ಬಡಾಯಿ ಯಾತಕ್ಕೂ ಬಾರದು ಅಂತಾರೆ. ಕಾರ್ಯಾಗಾರಕ್ಕೆ ಹೋಗುವ ಮೇಷ್ಟ್ರ ಬಂಡವಾಳ ಅಂದರೆ ಆ ಹಾಳೆ.

ಅಲ್ಲಿ ಹೋದ ಮೇಲೆ ಎಲ್ಲಿ ಕೂರುತ್ತೀರಿ? ಹಿಂದಿನ ಸಾಲಿನಲ್ಲಿ, ಫ್ಯಾನಿನ ಕೆಳಗೆ, ತಿದ್ದದ ಪೇಪರಿನ ಕಟ್ಟು ತೊಡೆಯ ಮೇಲೆ. ಬೇಡ ಕಣ್ರೀ! ನಿಮ್ಮ ಪಾಠದಲ್ಲಿ ಒಬ್ಬ ಹುಡುಗ ಹಿಂದೆ ಕೂತು ಬೇರೆ ಕೆಲಸ ಮಾಡಿದರೆ ಎಬ್ಬಿಸಿ ನಿಲ್ಲಿಸುತ್ತೀರಿ. ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ ಆಗಬಾರದು. ಮುಂದೆ ಬಂದು ಕೂರಿ. ಪರಿಚಯವಿಲ್ಲದವರ ಪಕ್ಕ ಕೂರಿ. ನಿಮ್ಮ ಕಾಲೇಜಿನವರೇ ನಾಲ್ಕು ಜನ ಒಂದೇ ಮೇಜಿಗೆ ಅಂಟಿಕೊಂಡರೆ ಮನೆಯ ಮಾತನ್ನೇ ಮನೆಯವರ ಹತ್ತಿರ ಆಡಿದಂತೆ. ಫೋನು ಚೀಲದಲ್ಲಿರಲಿ. ಪಿಪಿಟಿಯ ಒಂದೊಂದು ಪುಟಕ್ಕೂ ಎದ್ದು ನಿಂತು ಫೋಟೊ ಹೊಡೆಯುವ ಚಟ ಬಿಡಿ, ಆ ಫೋಟೊಗಳನ್ನು ತಿರುಗಿ ನೋಡಿದವರನ್ನು ನಾನಂತೂ ಕಂಡಿಲ್ಲ.

ಇನ್ನು ಮುಖ್ಯವಾದದ್ದಕ್ಕೆ ಬರುತ್ತೇನೆ. ಮೇಜಿನ ಮೇಲೆ ಸಲಕರಣೆ ಇಟ್ಟು 'ಮಾಡಿ ನೋಡಿ' ಅಂದಾಗ ಕೈ ಕಟ್ಟಿ ನಿಲ್ಲಬೇಡಿ. 'ಇದೆಲ್ಲ ಹೈಸ್ಕೂಲಿನದು, ನಮಗೆ ಗೊತ್ತಿರೋದೇ' ಅನ್ನಬೇಡಿ. ನನಗೆ ನಡೆದದ್ದನ್ನು ಹೇಳುತ್ತೇನೆ ಕೇಳಿ.

ಪಾಠ ಶುರು ಮಾಡಿ ಹನ್ನೊಂದನೆಯ ವರ್ಷ ಅದು. ಕಿರ್ಚಾಫನ ನಿಯಮ, ವೀಟ್‌ಸ್ಟೋನ್ ಸೇತುವೆ, ಮೀಟರ್ ಬ್ರಿಡ್ಜ್ ಎಲ್ಲ ನಾಲಿಗೆಯ ತುದಿಯಲ್ಲಿ. ಆ ಕಾರ್ಯಾಗಾರದಲ್ಲಿ ನಮ್ಮ ಮುಂದೆ ಎರಡು ಟಾರ್ಚ್ ಸೆಲ್ಲು, ಒಂದೇ ಬಗೆಯ ಮೂರು ಪುಟ್ಟ ಬಲ್ಬು, ತುಂಡು ತಂತಿ ಇಟ್ಟರು. ಮೊದಲನೆಯ ಬಲ್ಬು ಸರಣಿಯಲ್ಲಿ, ಅದರ ಮುಂದೆ ಎರಡನೆಯದು ಮೂರನೆಯದು ಸಮಾಂತರದಲ್ಲಿ. ಮೂರನೆಯ ಬಲ್ಬನ್ನು ಬಿಚ್ಚಿದರೆ ಮೊದಲನೆಯದರ ಬೆಳಕು ಏನಾಗುತ್ತದೆ? ಮುಟ್ಟುವ ಮೊದಲು ಉತ್ತರ ಬರೆದಿಡಿ ಅಂದರು. ನಾನು ಬರೆದೆ: ಏನೂ ಆಗುವುದಿಲ್ಲ. ಬ್ಯಾಟರಿ ಅದೇ, ಬಲ್ಬು ಅದೇ, ತೆಗೆದದ್ದು ಅದರ ಮುಂದಿನದನ್ನು ತಾನೇ ಅಂತ ನನ್ನ ಲೆಕ್ಕ. ಪಕ್ಕದಲ್ಲಿದ್ದ ಹಿರಿಯರೊಬ್ಬರು 'ಜೋರಾಗುತ್ತದೆ, ಹಂಚಿಕೊಳ್ಳುವವರು ಕಡಿಮೆಯಾದರಲ್ಲ' ಅಂದರು. ಬಲ್ಬು ಬಿಚ್ಚಿದೆವು. ಮೊದಲನೆಯದು ಮಂಕಾಯಿತು! ಎರಡನೆಯದು ಜೋರಾಯಿತು.

ಆಮೇಲೆ ಕಾಗದದ ಮೇಲೆ ಲೆಕ್ಕ ಹಾಕಿದರೆ ಎರಡು ಸಾಲಿನ ಕೆಲಸ. ಮೂರೂ ಬಲ್ಬಿನ ರೋಧ ಒಂದೇ ಅಂತ ಇಟ್ಟುಕೊಂಡರೆ, 3 ವೋಲ್ಟಿನಲ್ಲಿ ಮೊದಲನೆಯದಕ್ಕೆ 2 ವೋಲ್ಟ್, ಸಮಾಂತರದ ಜೋಡಿಗೆ 1 ವೋಲ್ಟ್. ಒಂದನ್ನು ಬಿಚ್ಚಿದಾಗ ಒಟ್ಟು ರೋಧ ಹೆಚ್ಚಾಗಿ, ಉಳಿದ ಎರಡಕ್ಕೂ ತಲಾ 1.5 ವೋಲ್ಟ್. ಹನ್ನೊಂದು ವರ್ಷ ಇಂಥ ಲೆಕ್ಕವನ್ನು ಹಲಗೆಯ ಮೇಲೆ ಬಿಡಿಸಿದ್ದೆ. ಸೂತ್ರ ಕೈಯಲ್ಲಿತ್ತು, ಮನಸ್ಸಿನೊಳಗಿನ ಚಿತ್ರ ಮಾತ್ರ ತಪ್ಪಾಗಿತ್ತು. ಮಂಡಲದ ಒಂದು ಕಡೆ ಏನಾದರೂ ಬದಲಾದರೆ ಇಡೀ ಮಂಡಲಕ್ಕೆ ಅದು ತಿಳಿಯುತ್ತದೆ ಅನ್ನುವುದು ನನಗೆ ಆ ಮಧ್ಯಾಹ್ನ, ಆ ಮಂಕಾದ ಬಲ್ಬಿನಿಂದ ತಿಳಿಯಿತು. ಕೈ ಕೆಸರಾದರೆ ಬಾಯಿ ಮೊಸರು ಅನ್ನುವ ಗಾದೆ ಹೊಲದವರಿಗೆ ಮಾತ್ರ ಅಂತ ತಿಳಿದಿದ್ದೆ. ಅದು ನಮ್ಮ ಲ್ಯಾಬಿಗೂ ಸಲ್ಲುತ್ತದೆ.

ನೀವೂ ಮಾಡಿ ನೋಡುವುದಾದರೆ ಒಂದು ಎಚ್ಚರಿಕೆ. ಈಗ ಟಾರ್ಚಿಗೆಲ್ಲ ಎಲ್‌ಇಡಿ ಬಂದುಬಿಟ್ಟಿದೆ. ಈ ಪ್ರಯೋಗಕ್ಕೆ ಅದು ಒಗ್ಗುವುದಿಲ್ಲ. ಅದಕ್ಕೆ ಇಷ್ಟು ವೋಲ್ಟೇಜು ಬರುವವರೆಗೂ ಬೆಳಕೇ ಇಲ್ಲ, ತಂತಿ ತಿರುಗುಮುರುಗಾದರೂ ಹತ್ತುವುದಿಲ್ಲ. ತಂತು ಇರುವ ಹಳೆಯ ಬಲ್ಬೇ ಬೇಕು. ಯಾವುದಾದರೂ ಹಳೆಯ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಕಣ್ಣಿಗೆ ಬಿದ್ದರೆ ಒಂದು ಡಜನ್ ತಂದಿಟ್ಟುಕೊಳ್ಳಿ, ಆಮೇಲೆ ಸಿಗಲಿಕ್ಕಿಲ್ಲ.

ಈ ತಪ್ಪುಚಿತ್ರ ಎಲ್ಲಿಂದ ಬರುತ್ತದೆ ಅಂತ ಯೋಚಿಸಿದ್ದೀರಾ? ಅರ್ಧ ನಮ್ಮ ಮನೆಮಾತಿನಿಂದಲೇ ಬರುತ್ತದೆ. 'ಕರೆಂಟು ಹೋಯ್ತು' ಅಂತೀವಿ. ವೋಲ್ಟೇಜು ಕಡಿಮೆಯಾದರೆ 'ಕರೆಂಟು ಕಮ್ಮಿ ಬರ್ತಿದೆ', ಬಿಲ್ಲು ಹೆಚ್ಚು ಬಂದರೆ 'ಗೀಸರು ತುಂಬಾ ಕರೆಂಟು ತಿನ್ನುತ್ತೆ'. ವಿಭವಾಂತರ, ಪ್ರವಾಹ, ಶಕ್ತಿ ಎಲ್ಲಕ್ಕೂ ಆ ಒಂದೇ ಮಾತು. ಮೊದಲ ಬಲ್ಬು ಸ್ವಲ್ಪ ಕರೆಂಟು ತಿಂದು ಉಳಿದದ್ದನ್ನು ಮುಂದಿನದಕ್ಕೆ ಕಳಿಸುತ್ತದೆ ಅಂತ ಮಗು ನಂಬಿದರೆ ಅದರ ತಪ್ಪೇನು? ಹಾಗೇ ಬಲ, ಶಕ್ತಿ, ಸಾಮರ್ಥ್ಯ. ಮನೆಯಲ್ಲಿ ಮೂರೂ ಒಂದೇ, ಪುಸ್ತಕದಲ್ಲಿ ಒಂದಕ್ಕೆ ನ್ಯೂಟನ್, ಇನ್ನೊಂದಕ್ಕೆ ಜೂಲ್, ಮತ್ತೊಂದಕ್ಕೆ ವ್ಯಾಟ್. ಹತ್ತನೆಯವರೆಗೆ ಜವ, ವೇಗ, ಸಂವೇಗ ಅಂತ ಕನ್ನಡದಲ್ಲಿ ಓದಿ ಬಂದ ಮಗುವಿಗೆ ಪಿಯುಸಿಯ ಮೊದಲ ವಾರವೇ ಅವೆಲ್ಲ ಇಂಗ್ಲಿಷಿನಲ್ಲಿ ಎದುರಾಗುತ್ತವೆ. ಹೊರಗಿನಿಂದ ಬಂದ ದೊಡ್ಡ ತಜ್ಞರಿಗೆ ಈ ತೊಡಕು ಕಾಣುವುದಿಲ್ಲ, ನಿಮಗೆ ಕಾಣುತ್ತದೆ. ಕಾರ್ಯಾಗಾರದ ಊಟದ ಹೊತ್ತಿನಲ್ಲಿ ವರ್ಗಾವಣೆ, ಡಿಎ ಲೆಕ್ಕ ಮಾತಾಡುವ ಬದಲು, ಪಕ್ಕದವರನ್ನು ಕೇಳಿ: 'ತೂಕಕ್ಕೂ ದ್ರವ್ಯರಾಶಿಗೂ ಇರುವ ವ್ಯತ್ಯಾಸವನ್ನು ನೀವು ಹೇಗೆ ಹೇಳ್ತೀರಿ?' ಒಬ್ಬೊಬ್ಬರ ಹತ್ತಿರ ಒಂದೊಂದು ಚಿನ್ನದಂಥ ಮಾತಿರುತ್ತದೆ. ಬರೆದುಕೊಳ್ಳಿ.

ನಮ್ಮಲ್ಲಿ ಮಾತ್ರ ಹೀಗೆ ಅಂತ ತಿಳಿಯಬೇಡಿ. ಎರಿಕ್ ಮಜೂರ್ ಅಂತ ಹಾರ್ವರ್ಡಿನ ಮೇಷ್ಟ್ರು, 1984ರಿಂದ ಅಲ್ಲಿ ಪಾಠ ಮಾಡುತ್ತಿದ್ದರು. ಮಕ್ಕಳು ಮೆಚ್ಚಿಕೊಂಡಿದ್ದರು, ಕಷ್ಟದ ಲೆಕ್ಕಗಳನ್ನೂ ಬಿಡಿಸುತ್ತಿದ್ದರು. ಅರಿಜೋನಾದ ಹಲೂನ್ ಮತ್ತು ಹೆಸ್ಟೆನಿಸ್ ಬಲ, ಚಲನೆಗಳ ಮೇಲೆ ರೂಪಿಸಿದ ಸರಳ ಪ್ರಶ್ನೆಗಳನ್ನು ಅವರು ಒಮ್ಮೆ ತಮ್ಮ ತರಗತಿಗೆ ಕೊಟ್ಟರು. ಲೆಕ್ಕವಿಲ್ಲ, ಸೂತ್ರವಿಲ್ಲ, ದಿನನಿತ್ಯದ ಸಂಗತಿಗಳು. ಆಗ ಒಬ್ಬ ವಿದ್ಯಾರ್ಥಿನಿ ಕೇಳಿದಳಂತೆ, ನೀವು ಕಲಿಸಿದ ಪ್ರಕಾರ ಬರೆಯಲಾ, ನಾನು ನಿಜವಾಗಿ ಯೋಚಿಸುವ ಪ್ರಕಾರ ಬರೆಯಲಾ ಅಂತ. ಆ ಪ್ರಶ್ನೆಯನ್ನು ನಾನು ಎಷ್ಟು ಸಲ ನೆನೆದಿದ್ದೇನೋ. ಮಜೂರ್ ಆಮೇಲೆ ಪಾಠದ ರೀತಿಯನ್ನೇ ಬದಲಿಸಿದರು. ಸ್ವಲ್ಪ ವಿವರಿಸುವುದು, ಒಂದು ಪ್ರಶ್ನೆ ಕೊಡುವುದು, ಪ್ರತಿಯೊಬ್ಬರೂ ಉತ್ತರ ಆರಿಸಿದ ಮೇಲೆ ಪಕ್ಕದವರೊಡನೆ ವಾದ ಮಾಡಲು ಬಿಡುವುದು, ಮತ್ತೆ ಉತ್ತರ ಕೇಳುವುದು. ಇದಕ್ಕೆ ಯಂತ್ರ ಬೇಕಿಲ್ಲ. ಎ ಬಿ ಸಿ ಡಿ ಬರೆದ ನಾಲ್ಕು ರಟ್ಟು ಸಾಕು.

ರಿಚರ್ಡ್ ಹೇಕ್ ಅನ್ನುವವರು 1998ರಲ್ಲಿ ಅಮೆರಿಕದ 62 ಕೋರ್ಸುಗಳ 6,542 ವಿದ್ಯಾರ್ಥಿಗಳ ಫಲಿತಾಂಶ ಒಟ್ಟುಮಾಡಿ ನೋಡಿದರು. ಬರೀ ಉಪನ್ಯಾಸ ಕೇಳಿದವರು, ಮೊದಲು ತಮಗೆ ತಿಳಿಯದೇ ಇದ್ದುದರಲ್ಲಿ ಸರಾಸರಿ ನೂರಕ್ಕೆ 23 ಭಾಗ ಕಲಿತಿದ್ದರು. ಮಾಡಿ, ಮಾತಾಡಿ, ವಾದಿಸಿ ಕಲಿತವರು 48 ಭಾಗ. ಮೇಷ್ಟ್ರ ಮಾತು ಎಷ್ಟೇ ಚಂದವಿರಲಿ, ಕೇಳಿದ್ದಷ್ಟರಿಂದಲೇ ಚಿತ್ರ ಬದಲಾಗುವುದಿಲ್ಲ. ಮಕ್ಕಳಿಗೆ ನಿಜವಾದದ್ದು ನಿಮಗೂ ನಿಜ. ಕಾರ್ಯಾಗಾರದಲ್ಲಿ ನಿಮ್ಮ ಕೈಗೂ ಬಾಯಿಗೂ ಕೆಲಸ ಸಿಗಲಿಲ್ಲ ಅಂದರೆ, ಎದ್ದು ನಿಂತು ವಿನಯವಾಗಿಯೇ ಕೇಳಿ: 'ಸಾರ್, ಇದನ್ನು ನಾವು ಒಂದು ಸಲ ಮಾಡಿ ನೋಡಬಹುದಾ?' ಯಾವ ಒಳ್ಳೆಯ ಸಂಪನ್ಮೂಲ ವ್ಯಕ್ತಿಯೂ ಬೇಡ ಅನ್ನುವುದಿಲ್ಲ.

ಕೇಳಲು ನಾಚಿಕೆ ಬೇಡ. ಎಷ್ಟೋ ಪ್ರೌಢಶಾಲೆಗಳಲ್ಲಿ ಸಿಬಿಝಡ್ ಓದಿ ಬಂದವರು ಭೌತಶಾಸ್ತ್ರದ ಪಾಠವನ್ನೂ ಮಾಡಬೇಕು. ಅಂಥವರು ಮೂಲೆಯಲ್ಲಿ ಮುದುರಿ ಕೂರುವುದನ್ನು ಕಂಡಿದ್ದೇನೆ, ಮನಸ್ಸಿಗೆ ನೋವಾಗುತ್ತದೆ. ತಾಯಿ, ನಿಮಗೆ ಬಾರದ್ದು ಬೇರೆಯವರಿಗೆಲ್ಲ ಬರುತ್ತದೆ ಅಂತ ಯಾರು ಹೇಳಿದರು? ಎಂ.ಎಸ್ಸಿ. ಮಾಡಿದ ನನಗೇ ಬಲ್ಬಿನ ಉತ್ತರ ತಪ್ಪಿತ್ತು. ನೀವು ಕೇಳುವ 'ಸಣ್ಣ' ಪ್ರಶ್ನೆಯೇ ನಿಮ್ಮ ತರಗತಿಯ ಮಗುವಿನ ಪ್ರಶ್ನೆ. ಇನ್ನು ಪಿಯು, ಡಿಗ್ರಿ ಕಾಲೇಜಿನವರಿಗೆ ಒಂದು ಮಾತು: ಯಾರಾದರೂ ಹೀಗೆ ಕೇಳಿದಾಗ ನಗಬೇಡಿ, ಒಬ್ಬರಿಗೊಬ್ಬರು ಕಣ್ಣುಸನ್ನೆ ಮಾಡಬೇಡಿ. ಬಾಯಿ ಬಿಟ್ಟು ಕೇಳಿದವರನ್ನು ಮತ್ತೆ ಬಾಯಿ ಮುಚ್ಚಿಸಿದ ಪಾಪ ಕಟ್ಟಿಕೊಳ್ಳಬೇಡಿ.

ತಿರುಗಿ ಬಂದ ಮೇಲಿನ ಏಳು ದಿನ ಬಹಳ ಮುಖ್ಯ. ಅಲ್ಲಿ ನಲವತ್ತು ಪ್ರಯೋಗ ತೋರಿಸಿರುತ್ತಾರೆ, ನಲವತ್ತನ್ನೂ ಮಾಡುತ್ತೇನೆ ಅಂತ ಹೊರಟರೆ ಆರಂಭಶೂರತನವಾಗುತ್ತದೆ. ಒಂದನ್ನು ಆರಿಸಿ. ಅದನ್ನು ಮನೆಯಲ್ಲಿ ಒಬ್ಬರೇ ಎರಡು ಸಲ ಮಾಡಿ ನೋಡಿ, ಆಮೇಲೆ ತರಗತಿಗೆ ಒಯ್ಯಿರಿ. ಮನೆಯಲ್ಲಿ ಮಾಡಿ ನೋಡದ ಅಡುಗೆಯನ್ನು ನೆಂಟರಿಗೆ ಬಡಿಸಬಾರದು. ದೊಡ್ಡದೇ ಆಗಬೇಕಿಲ್ಲ. ದಾರಕ್ಕೆ ನಟ್ಟು ಕಟ್ಟಿದ ಲೋಲಕ ಸಾಕು: 25 ಸೆಂಟಿಮೀಟರ್ ಉದ್ದಕ್ಕೆ ಒಂದು ಆಂದೋಲನ ಹೆಚ್ಚುಕಡಿಮೆ 1 ಸೆಕೆಂಡ್, ಒಂದು ಮೀಟರಿಗೆ 2 ಸೆಕೆಂಡ್. ಉದ್ದ ನಾಲ್ಕು ಪಟ್ಟಾದರೂ ಕಾಲ ಎರಡೇ ಪಟ್ಟು ಅನ್ನುವುದನ್ನು ಮಕ್ಕಳು ತಾವೇ ಎಣಿಸಿ ಕಂಡುಕೊಳ್ಳಲಿ, ಸೂತ್ರ ಆಮೇಲೆ ಬರಲಿ. ಒಬ್ಬರು ಬಿಟ್ಟ ಸ್ಕೇಲನ್ನು ಇನ್ನೊಬ್ಬರು ಬೆರಳಿನಲ್ಲಿ ಹಿಡಿಯುವ ಆಟವೂ ಆದೀತು. 20 ಸೆಂಟಿಮೀಟರ್ ಜಾರಿದ ಮೇಲೆ ಹಿಡಿದರೆ ಪ್ರತಿಕ್ರಿಯೆಯ ಕಾಲ ಸುಮಾರು 0.2 ಸೆಕೆಂಡ್. ಬೈಕು ಓಡಿಸುತ್ತಾ ಫೋನು ನೋಡುವ ಹುಡುಗರಿಗೆ ಇದನ್ನು ಎರಡೆರಡು ಸಲ ಮಾಡಿಸಿ.

ನನಗೆ ಬಲು ಇಷ್ಟವಾದದ್ದು ಹಳೆಯ ಸಿ.ಡಿ. ಅದರ ಸಾಲುಗಳ ನಡುವಿನ ಅಂತರ 1.6 ಮೈಕ್ರೊಮೀಟರ್. ಕೆಂಪು ಲೇಸರ್ ಪಾಯಿಂಟರಿನ ಬೆಳಕು, ತರಂಗಾಂತರ 650 ನ್ಯಾನೊಮೀಟರ್, ಅದರ ಮೇಲೆ ನೇರವಾಗಿ ಬಿದ್ದರೆ ಮೊದಲ ಚುಕ್ಕೆ ಸುಮಾರು 24 ಡಿಗ್ರಿ ಓರೆಯಾಗಿ ಚಿಮ್ಮುತ್ತದೆ. ಒಂದು ಮೀಟರ್ ದೂರದ ಪರದೆಯ ಮೇಲೆ ನಡುವಿನಿಂದ 44 ಸೆಂಟಿಮೀಟರ್ ಆಚೆ. ಕೂದಲಿನ ಎಳೆಗಿಂತ ಎಷ್ಟೋ ಪಟ್ಟು ಸಣ್ಣ ಅಂತರವನ್ನು ಮಗು ಶಾಲೆಯ ಸ್ಕೇಲು ಹಿಡಿದು ಅಳೆಯುತ್ತದೆ! ಆದರೆ ಲೇಸರು ನಿಮ್ಮ ಕೈಯಲ್ಲೇ ಇರಲಿ, ಮಕ್ಕಳ ಕೈಗೆ ಕೊಡಬೇಡಿ. ಹೊಳೆಯುವ ಸಿ.ಡಿ.ಯಿಂದ ಚಿಮ್ಮಿದ ಬೆಳಕು ಯಾರ ಕಣ್ಣಿನ ಮಟ್ಟಕ್ಕೂ ಬಾರದಂತೆ ಮೊದಲೇ ನೋಡಿಕೊಳ್ಳಿ. ಇದರಲ್ಲಿ ಉಡಾಫೆ ಸಲ್ಲದು.

ಫೋನು, ಕಂಪ್ಯೂಟರು ಬೇಡ ಅನ್ನುವವಳಲ್ಲ ನಾನು. ಜರ್ಮನಿಯ ಆಖೆನ್ ವಿಶ್ವವಿದ್ಯಾಲಯದವರ ಫೈಫಾಕ್ಸ್ ಆ್ಯಪ್ ಹಾಕಿಕೊಂಡರೆ ನಿಮ್ಮ ಜೇಬಿನ ಫೋನೇ ವೇಗೋತ್ಕರ್ಷ ಅಳೆಯುವ ಉಪಕರಣ. ಕೊಲರಾಡೊ ವಿಶ್ವವಿದ್ಯಾಲಯದ ಫೆಟ್ ಸಿಮ್ಯುಲೇಶನ್‌ಗಳಲ್ಲಿ ಹಲವು ಕನ್ನಡದಲ್ಲೂ ಇವೆ. ದೆಹಲಿಯ ಅಂತರ ವಿಶ್ವವಿದ್ಯಾಲಯ ವೇಗವರ್ಧಕ ಕೇಂದ್ರದಲ್ಲಿ ತಯಾರಾದ ಎಕ್ಸ್‌ಪೈಸ್ ಪೆಟ್ಟಿಗೆಯನ್ನು ಕಂಪ್ಯೂಟರಿಗೆ ಜೋಡಿಸಿದರೆ ಎಸಿ ಅಲೆ ಪರದೆಯ ಮೇಲೆ ಕಾಣುತ್ತದೆ. ಕಲಿಯಿರಿ, ಬಳಸಿ. ಪರದೆಯ ಮೇಲಿನ ಲೋಲಕ ತೋರಿಸಿ ದಾರದ ಲೋಲಕವನ್ನು ಕೈಬಿಡುವುದು ಮಾತ್ರ ಬೇಡ. ಪರದೆಯ ಲೋಲಕಕ್ಕೆ ದಾರ ಜಾರುವುದಿಲ್ಲ, ಫ್ಯಾನಿನ ಗಾಳಿ ತಾಗುವುದಿಲ್ಲ, ಎಣಿಕೆ ತಪ್ಪುವುದಿಲ್ಲ. ಆ ತಪ್ಪುವುದರಲ್ಲೇ ಅಳತೆಯ ಪಾಠ ಇರುವುದು.

ಇಲ್ಲಿ ಮುಖ್ಯೋಪಾಧ್ಯಾಯರಿಗೂ ಪ್ರಾಂಶುಪಾಲರಿಗೂ ಒಂದು ಮಾತು. ಕಾರ್ಯಾಗಾರಕ್ಕೆ ಕಳಿಸಿ, ಲ್ಯಾಬಿನ ಬೀರುವಿನ ಬೀಗದ ಕೈ ನಿಮ್ಮ ಮೇಜಿನಲ್ಲೇ ಇಟ್ಟುಕೊಂಡರೆ ಏನು ಬಂತು? ಸ್ಟಾಕ್ ರಿಜಿಸ್ಟರಿನಲ್ಲಿ ಲೆಕ್ಕ ಸರಿಯಿರಲಿ ಅಂತ ಮುಟ್ಟದೆ ಇಟ್ಟ ಮಸೂರಕ್ಕೆ ಬೂಷ್ಟು ಹಿಡಿದದ್ದನ್ನು, ಡಬ್ಬ ತೆರೆಯದ ಮೀಟರಿಗೆ ತುಕ್ಕು ಹಿಡಿದದ್ದನ್ನು ಬೇಕಾದಷ್ಟು ನೋಡಿದ್ದೇನೆ. ಒಡೆದ ಬೀಕರಿಗೆ ಮೇಷ್ಟ್ರ ಸಂಬಳದಿಂದ ದುಡ್ಡು ಕೇಳಬೇಡಿ. ಮಕ್ಕಳು ಮುಟ್ಟಿದ ಸಾಮಾನು ಸವೆಯುತ್ತದೆ, ಒಡೆಯುತ್ತದೆ. ಅದನ್ನು ಬಳಕೆ ಅಂತ ಬರೆದು ತೆಗೆದುಹಾಕಿ.

ಸಂಪನ್ಮೂಲ ವ್ಯಕ್ತಿಗಳಾಗಿ ಹೋಗುವವರೇ, ನಿಮ್ಮನ್ನೂ ಬಿಡುವುದಿಲ್ಲ. ಉದ್ಘಾಟನೆ, ಹೂಗುಚ್ಛ, ಭಾಷಣ ಮುಗಿಯುವಷ್ಟರಲ್ಲಿ ಹನ್ನೊಂದೂವರೆ. ಆಮೇಲೆ ತೊಂಬತ್ತು ಪುಟದ ಪಿಪಿಟಿಯನ್ನು ಗೋಡೆಗೆ ಮುಖ ಮಾಡಿ ಓದುವುದು. ಕಲ್ಲಿನ ಮೇಲೆ ಮಳೆ ಸುರಿದಂತೆ. ಬಂದವರಲ್ಲಿ ಇಪ್ಪತ್ತು ವರ್ಷ ಪಾಠ ಮಾಡಿದವರಿರುತ್ತಾರೆ, ಅವರಿಂದಲೂ ಹೇಳಿಸಿ. ಒಂದು ದಿನಕ್ಕೆ ಮೂರು ಪ್ರಯೋಗಕ್ಕಿಂತ ಹೆಚ್ಚು ಇಡಬೇಡಿ, ಆದರೆ ಆ ಮೂರನ್ನು ಪ್ರತಿಯೊಬ್ಬರ ಕೈಯಲ್ಲೂ ಮಾಡಿಸಿ.

ಕಾರ್ಯಾಗಾರ ಮುಗಿದ ಮೇಲೆ ಒಂದು ವಾಟ್ಸಾಪ್ ಗುಂಪು ಹುಟ್ಟುತ್ತದೆ. ಮೊದಲ ವಾರ ಪ್ರಯೋಗದ ಫೋಟೊ, ಮೂರನೆಯ ವಾರದಿಂದ ಬರೀ ಶುಭೋದಯ, ಹಬ್ಬದ ಶುಭಾಶಯ. ಯಾಕೆ ಹೀಗೆ ಮಾಡುತ್ತೀರಿ? ಮಧ್ಯಪ್ರದೇಶದ ಹೋಶಂಗಾಬಾದಿನವರನ್ನು ನೋಡಿ. ಅಲ್ಲಿ 1972ರಲ್ಲಿ 16 ಶಾಲೆಗಳಲ್ಲಿ ಒಂದು ವಿಜ್ಞಾನ ಕಲಿಕೆಯ ಕೆಲಸ ಶುರುವಾಯಿತು, 1978ಕ್ಕೆ ಇಡೀ ಜಿಲ್ಲೆಯ ಮಾಧ್ಯಮಿಕ ಶಾಲೆಗಳಿಗೆ ಹಬ್ಬಿತು. ರಜೆಯಲ್ಲಿ ಮೇಷ್ಟ್ರುಗಳಿಗೆ ತರಬೇತಿ. ಮಕ್ಕಳು ಮಾಡಬೇಕಾದ ಪ್ರಯೋಗಗಳನ್ನೇ ಅವರೂ ಮಕ್ಕಳಂತೆ ಕೂತು ಮಾಡುತ್ತಿದ್ದರು. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಅವರ ಮಾಸಿಕ ಸಭೆ. ಸುತ್ತಲಿನ ಶಾಲೆಗಳವರು ತಿಂಗಳಿಗೊಮ್ಮೆ ಒಂದೆಡೆ ಸೇರಿ, ತರಗತಿಯಲ್ಲಿ ಯಾವ ಪ್ರಯೋಗ ಕೈಕೊಟ್ಟಿತು, ಮಕ್ಕಳು ಏನು ಕೇಳಿದರು ಅಂತ ಮಾತಾಡುತ್ತಿದ್ದರು. 2002ರಲ್ಲಿ ಆ ಕಾರ್ಯಕ್ರಮವನ್ನು ಸರ್ಕಾರ ನಿಲ್ಲಿಸಿದ್ದು ಈಗಲೂ ನನಗೆ ಬೇಸರದ ಸಂಗತಿ. ಮೂವತ್ತು ವರ್ಷ ಅದು ನಡೆದದ್ದರಲ್ಲಿ ಆ ಮಾಸಿಕ ಸಭೆಗಳ ಪಾಲು ದೊಡ್ಡದು ಅಂತ ನಾನು ನಂಬಿದ್ದೇನೆ.

ನೀವು ಜಿಲ್ಲೆಗೆಲ್ಲ ಮಾಡುವುದು ಬೇಡ. ಒಂದೇ ಬಸ್ಸಿನ ದಾರಿಯಲ್ಲಿರುವ ನಾಲ್ಕು ಶಾಲೆಯವರು ಸೇರಿ. ತಿಂಗಳಿಗೊಂದು ಶನಿವಾರ ಮಧ್ಯಾಹ್ನ, ಎರಡು ಗಂಟೆ. ಒಬ್ಬರು ಒಂದು ಪ್ರಯೋಗ ತರಲಿ, ಇನ್ನೊಬ್ಬರು ಮಕ್ಕಳ ಒಂದು ತಪ್ಪು ಉತ್ತರ ತರಲಿ. ಟೀ ನೀವೇ ಕಾಸಿಕೊಳ್ಳಿ. ಹನಿ ಹನಿ ಕೂಡಿದರೆ ಹಳ್ಳ. ಇನ್ನೂ ಮುಂದೆ ಹೋಗುವ ಮನಸ್ಸಿದ್ದರೆ 1984ರಲ್ಲಿ ಹುಟ್ಟಿದ ಭಾರತೀಯ ಭೌತಶಾಸ್ತ್ರ ಶಿಕ್ಷಕರ ಸಂಘಕ್ಕೆ ಸದಸ್ಯರಾಗಿ. ಪ್ರೊ. ಎಚ್. ಸಿ. ವರ್ಮಾ ಅವರು ಮುಂದೆ ನಿಂತು ಬೆಳೆಸಿದ 'ಅನ್ವೇಷಿಕಾ' ಕೇಂದ್ರಗಳು ಕೈಯಿಂದ ಮಾಡಿ ಕಲಿಯುವ ಕೆಲಸವನ್ನೇ ಮಾಡುತ್ತಿವೆ. ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯಂಥ ಜಾಗ ನಮ್ಮಲ್ಲೇ ಇದೆ. ಅಲ್ಲಿಂದ ಕರೆ ಬಂದಾಗ ಹಿಂದೆಮುಂದೆ ನೋಡಬೇಡಿ.

ಕಡೆಗೆ ಒಂದು ಚಿಕ್ಕ ಕೆಲಸ ಹೇಳಿ ಬಿಡುತ್ತೇನೆ. ನಿಮ್ಮ ಮೇಜಿನ ಡ್ರಾಯರಿನಲ್ಲಿ ಒಂದು ಹಳೆಯ ಬಿಸ್ಕತ್ತಿನ ಡಬ್ಬ ಇರಲಿ. ಅದರಲ್ಲಿ ಮೂರು ತಂತುಬಲ್ಬು, ಎರಡು ಸೆಲ್ಲು, ತುದಿ ಕೆರೆದ ತಂತಿ, ದಾರ, ನಟ್ಟು, ಒಂದು ಸಿ.ಡಿ. ಬೇಸಿಗೆ ರಜೆಗೆ ಬೀಗ ಹಾಕುವ ಮುನ್ನ ಸೆಲ್ಲುಗಳನ್ನು ಹೋಲ್ಡರಿನಿಂದ ಬಿಚ್ಚಿ ಬೇರೆ ಇಡಿ, ಇಲ್ಲದಿದ್ದರೆ ಸೋರಿ ಸ್ಪ್ರಿಂಗೆಲ್ಲ ಹಾಳಾಗುತ್ತದೆ. ಶಾಲೆ ತೆರೆದ ಮೊದಲ ದಿನ, ಹಾಜರಿ ಕರೆಯುವುದಕ್ಕೂ ಮೊದಲು, ಒಂದು ಬಲ್ಬು ಹಚ್ಚಿ ನೋಡಿಕೊಳ್ಳಿ.